ತಲೆಗೆ ಬೆಲೆ ಕಟ್ಟಿಸಿಕೊಂಡವರ ಹೆಸರು

2022ರ ಅಕ್ಟೋಬರ್‌ನಲ್ಲಿ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾದಾಗ ನಮ್ಮ ಪತ್ರಿಕೆಗಳು 'ಕರ್ನಾಟಕದ ಅಳಿಯ' ಎಂದು ಸಂಭ್ರಮಪಟ್ಟವು. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಪತಿ ಎಂಬ ನಂಟು ಅದಕ್ಕೆ ಕಾರಣ. ಅದೇ ವರದಿಗಳಲ್ಲಿ 'ಟೋರಿ ನಾಯಕ', 'ಟೋರಿ ಸಂಸದರು' ಎಂಬ ಮಾತುಗಳೂ ಯಾವ ವಿವರಣೆಯೂ ಇಲ್ಲದೆ ಓಡಾಡಿದವು. ಪಕ್ಷದ ಅಧಿಕೃತ ಹೆಸರು ಕನ್ಸರ್ವೇಟಿವ್ ಮತ್ತು ಯೂನಿಯನಿಸ್ಟ್ ಪಕ್ಷ. ಎರಡಕ್ಷರದ ಟೋರಿ ತಲೆಬರಹದಲ್ಲಿ ಸಲೀಸಾಗಿ ಕೂರುತ್ತದೆ, ಹಾಗಾಗಿ ಲಂಡನ್ನಿನ ಪತ್ರಿಕೆಗಳಿಗೂ ಅದೇ ಪ್ರಿಯ. ಭೂಮಾಲೀಕರ, ರಾಜನಿಷ್ಠರ, ಇಂಗ್ಲೆಂಡಿನ ಅಧಿಕೃತ ಚರ್ಚಿನವರ ಪಕ್ಷವೆಂದೇ ಇತಿಹಾಸದಲ್ಲಿ ಹೆಸರಾದ, ಐರ್ಲೆಂಡಿಗೆ ಸ್ವಯಮಾಡಳಿತ ಕೊಡಬಾರದೆಂದು 19ನೇ ಶತಮಾನದ ಕೊನೆಯಲ್ಲಿ ಪಟ್ಟು ಹಿಡಿದಿದ್ದ ಈ ಪಕ್ಷಕ್ಕೆ ಅಂಟಿರುವ ಹೆಸರು ಮಾತ್ರ ಐರಿಷ್ ಭಾಷೆಯದು. ಜಮೀನು ಕಳೆದುಕೊಂಡು ಕಾಡುಪಾಲಾದ ಐರ್ಲೆಂಡಿನ ಕ್ಯಾಥೊಲಿಕರನ್ನು ಅಲ್ಲಿನ ಸರ್ಕಾರ ಆ ಹೆಸರಿನಿಂದ ಕರೆದು, ಅವರ ತಲೆಗೆ ಬೆಲೆ ಕಟ್ಟಿ ಬೇಟೆಯಾಡಿತ್ತು. ಈ ವಿಪರೀತಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ ಸಾಲಿನದು: ಎದುರಾಳಿಗಳು ಬೈದರು, ಬೈಸಿಕೊಂಡವರು ಬೈಗುಳವನ್ನೇ ಬಿರುದು ಮಾಡಿಕೊಂಡರು. ಇದು ಸುಳ್ಳೇನಲ್ಲ. ಆದರೆ ಬೈಗುಳದ ಸರಕು ಎಲ್ಲಿಂದ ಬಂತು, ಅದರ ಮೂಲ ವಾರಸುದಾರರು ಏನಾದರು ಎಂಬುದನ್ನು ಅದು ಕೇಳುವುದೇ ಇಲ್ಲ. ಕೇಳಿದರೆ, ಈ ಪದದ ಅರ್ಥ ಹೊರಳಿದಾಗಲೆಲ್ಲ ಹಿಂದೆ ಇದ್ದದ್ದು ಜಮೀನು ಯಾರ ಕೈಗೆ ಹೋಯಿತು, ಆಜ್ಞೆ ಹೊರಡಿಸುವವರು ಯಾರು ಎಂಬ ಲೆಕ್ಕವೇ ಎಂದು ಗೊತ್ತಾಗುತ್ತದೆ.

ಮೊದಲು ಪದ. ಐರಿಷ್‌ನಲ್ಲಿ 'ತೋರ್' ಎಂದರೆ ಬೆನ್ನಟ್ಟುವಿಕೆ, ಅರಸಿ ಹೋಗುವಿಕೆ. ಬೆನ್ನಟ್ಟುವವನು 'ತೋರೀ'. ಆ ಭಾಷೆಯ ಈ ತಕಾರ ನಮ್ಮ ತಕಾರದ ಹಾಗೆಯೇ ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ಧ್ವನಿ. ಇಂಗ್ಲಿಷರ ಬಾಯಲ್ಲಿ ಅದು ಟಕಾರವಾಯಿತು. ಇಂಗ್ಲಿಷ್ ಬರಹದಲ್ಲಿ ಕಾಣದ ಈ ಭೇದವನ್ನು ಕನ್ನಡ ಲಿಪಿ ತೋರಿಸಬಲ್ಲದು, ಆ ಅನುಕೂಲವನ್ನು ಇಲ್ಲಿ ಬಳಸಿಕೊಳ್ಳುತ್ತೇನೆ: ತೋರೀ ಎಂದರೆ ಐರ್ಲೆಂಡಿನವನು, ಟೋರಿ ಎಂದರೆ ಇಂಗ್ಲೆಂಡಿನವನು. ಐರಿಷ್ ಕಥಾಸಾಹಿತ್ಯದಲ್ಲಿ ಬೆನ್ನಟ್ಟುವಿಕೆಯದೇ ಒಂದು ಪ್ರಸಿದ್ಧ ಕತೆಯಿದೆ. ಮುದಿ ನಾಯಕ ಫಿನ್‌ಗೆ ನಿಶ್ಚಯವಾಗಿದ್ದ ಗ್ರಾನಿಯ ಎಂಬ ತರುಣಿ ಅವನ ಪಡೆಯ ಯುವಕ ದಿಯರ್ಮಿಡ್‌ನ ಜೊತೆ ಓಡಿಹೋಗುತ್ತಾಳೆ, ಫಿನ್ ದೇಶವಿಡೀ ಅವರನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಕತೆಯ ಹೆಸರಿನಲ್ಲೇ ಈ 'ತೋರ್' ಇದೆ. ಅಲ್ಲಿ ಅಟ್ಟುವವನು ಬಲವಂತ, ಓಡುವವರು ನಿರ್ಗತಿಕರು. ಪದದ ವ್ಯಾಕರಣದ ಪ್ರಕಾರವೂ ತೋರೀ ಎಂದರೆ ಅಟ್ಟುವವನೇ. ಕೊಳ್ಳೆಗಾಗಿ ದನಕರುಗಳ ಹಿಂದೆ, ದಾರಿಹೋಕರ ಹಿಂದೆ ಬೀಳುವವನು ಎಂಬ ಅರ್ಥ ಅದಕ್ಕೆ ಸೇರಿಕೊಂಡಿತು. ಹಾಗಿದ್ದೂ 17ನೇ ಶತಮಾನದ ದಾಖಲೆಗಳನ್ನು ತೆರೆದರೆ ತೋರೀ ಎಂದರೆ ಅಟ್ಟಿಸಿಕೊಂಡವನು. ಕರ್ತೃ ಕರ್ಮವಾಗಿಬಿಟ್ಟಿದ್ದಾನೆ. ಇದು ವೈಯಾಕರಣರು ಬಿಡಿಸಬಹುದಾದ ಒಗಟಲ್ಲ, ಉತ್ತರ ಇರುವುದು ಜಮೀನಿನ ಲೆಕ್ಕದಲ್ಲಿ.

1641ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಕ್ಯಾಥೊಲಿಕರು ದಂಗೆಯೆದ್ದರು. ಆಗ ದೇಶದ ಜಮೀನಿನಲ್ಲಿ ಹತ್ತಿರ ಹತ್ತಿರ ನೂರಕ್ಕೆ ಅರವತ್ತು ಪಾಲು ಕ್ಯಾಥೊಲಿಕರ ಕೈಯಲ್ಲಿತ್ತು. 1649ರ ಆಗಸ್ಟ್‌ನಲ್ಲಿ ದೊರೆಯನ್ನು ಸೋಲಿಸಿದ್ದ ಇಂಗ್ಲೆಂಡಿನ ಪಾರ್ಲಿಮೆಂಟಿನ ಸೇನಾಪತಿ ಕ್ರಾಮ್‌ವೆಲ್ ಬಂದಿಳಿದ. ಡ್ರಾಹಿಡಾ, ವೆಕ್ಸ್‌ಫರ್ಡ್ ಪಟ್ಟಣಗಳಲ್ಲಿ ಕಗ್ಗೊಲೆಗಳಾದವು. 1652ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಐರ್ಲೆಂಡಿನ ಇತ್ಯರ್ಥಕ್ಕೆಂದು ಕಾಯ್ದೆ ಮಾಡಿತು. ಅದರ ಹೂರಣ ಇಷ್ಟು: ಪಾರ್ಲಿಮೆಂಟಿಗೆ ಸದಾ ನಿಷ್ಠರಾಗಿದ್ದೆವೆಂದು ತೋರಿಸಲಾಗದ ಭೂಮಾಲೀಕರು ಇದ್ದ ಜಮೀನು ಬಿಟ್ಟು, ಶ್ಯಾನನ್ ನದಿಯಾಚೆಯ ಕಾನಾಕ್ಟ್ ಪ್ರಾಂತ್ಯದಲ್ಲಿ ಅದಕ್ಕಿಂತ ಕಡಿಮೆ ನೆಲ ಪಡೆದು ಬದುಕಬೇಕು. ಹೋಗಲು ಗಡುವು 1654ರ ಮೇ 1. ಖಾಲಿಯಾದ ಜಮೀನು ಯುದ್ಧಕ್ಕೆ ಸಾಲ ಕೊಟ್ಟಿದ್ದ ಲಂಡನ್ ವರ್ತಕರಿಗೆ, ಸಂಬಳದ ಬಾಕಿ ಇದ್ದ ಕ್ರಾಮ್‌ವೆಲ್‌ನ ಸಿಪಾಯಿಗಳಿಗೆ. ಹಂಚುವುದಕ್ಕೆ ಅಳೆಯಬೇಕಲ್ಲ, ವಿಲಿಯಂ ಪೆಟ್ಟಿ 1655-56ರಲ್ಲಿ ಐರ್ಲೆಂಡಿನ ಬಹುಭಾಗವನ್ನು ಸರಪಣಿ ಹಿಡಿದು ಅಳೆಸಿ ನಕ್ಷೆ ಮಾಡಿಸಿದ. ಡೌನ್ ಸರ್ವೆ ಎಂದು ಹೆಸರಾದ ಆ ಮೋಜಣಿ ಇವತ್ತಿಗೂ ಇತಿಹಾಸಕಾರರಿಗೆ ಗಣಿ. ಸೋತ ಐರಿಷ್ ಸೈನಿಕರಲ್ಲಿ ಸುಮಾರು 34,000 ಮಂದಿ ಸ್ಪೇನ್, ಫ್ರಾನ್ಸ್‌ಗಳ ಸೇನೆಗೆ ಸೇರಲು ಹೊರಟುಹೋದರೆಂದು ಲೆಕ್ಕ ಹಾಕಿದವನೂ ಅವನೇ. ಕಡಲು ದಾಟದ, ಕಾನಾಕ್ಟಿಗೂ ಹೋಗದ ಉಳಿದವರು ಕಾಡು, ಗುಡ್ಡ, ಜೌಗುನೆಲ ಸೇರಿದರು. ಎಷ್ಟೋ ಸಲ ತಮ್ಮದೇ ಹಳೆಯ ಜಮೀನಿನ ಆಸುಪಾಸಿನಲ್ಲೇ. ಹಳೆಯ ಒಕ್ಕಲುಗಳು ಅನ್ನ ಹಾಕುತ್ತಿದ್ದರು, ಸುದ್ದಿ ಮುಟ್ಟಿಸುತ್ತಿದ್ದರು. ಇವರೇ ಸರ್ಕಾರಿ ಕಾಗದಗಳ ತೋರೀಗಳು.

1657ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಪಾರ್ಲಿಮೆಂಟಿನಲ್ಲಿ ಐರ್ಲೆಂಡಿನ ಪರವಾಗಿ ಕುಳಿತಿದ್ದ ಮೇಜರ್ ಮಾರ್ಗನ್ ಎಂಬಾತ, ತೆರಿಗೆಯ ಭಾರ ತಾಳಲಾರೆವೆಂದು ಅಳಲು ತೋಡಿಕೊಳ್ಳುತ್ತ, ನಾವು ಕೊಲ್ಲಬೇಕಾದ ಮೃಗಗಳು ಮೂರಿವೆ ಎಂದ: ತೋಳ, ಕ್ಯಾಥೊಲಿಕ್ ಪಾದ್ರಿ, ತೋರೀ. ಮೂರಕ್ಕೂ ಬಹುಮಾನದ ದರ ನಿಗದಿಯಾಗಿತ್ತು. ಯುದ್ಧ, ಬರ, ಪ್ಲೇಗುಗಳಿಂದ ಜನ ಕರಗಿದ ನಾಡಿನಲ್ಲಿ ತೋಳಗಳು ಹೆಚ್ಚಿದ್ದು ನಿಜವೇ; ಆದರೆ ತೋಳದ ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸಿ ದರಪಟ್ಟಿ ಓದುವಾಗ ಪದಕ್ಕೆ ಆಗುವುದೇನು ಎಂಬುದು ಗಮನಿಸಬೇಕಾದದ್ದು. ಅದು ಸ್ವಭಾವದ ಹೆಸರಾಗಿ ಉಳಿಯುವುದಿಲ್ಲ, ದರ್ಜೆಯ ಹೆಸರಾಗುತ್ತದೆ. ಮುಂದೆ ಕಾನೂನೂ ಹಾಗೆಯೇ ನಡೆಯಿತು. ಜಿಲ್ಲೆಯ ಗ್ರ್ಯಾಂಡ್ ಜ್ಯೂರಿ, ಎಂದರೆ ಊರ ಭೂಮಾಲೀಕರ ಪಂಚಾಯಿತಿ, ಇಂಥವನು ಆಯುಧ ಹಿಡಿದು ತಲೆಮರೆಸಿಕೊಂಡಿದ್ದಾನೆ ಎಂದು ಹೆಸರು ಬರೆದು ಕೊಡುವುದು; ಸರ್ಕಾರ ಅದನ್ನು ಸಾರಿ ಗಡುವು ಕೊಡುವುದು; ಗಡುವಿನೊಳಗೆ ಶರಣಾಗದಿದ್ದರೆ ವಿಚಾರಣೆಯಿಲ್ಲದೆಯೇ ಅವನು ರಾಜದ್ರೋಹಿ, ಯಾರು ಬೇಕಾದರೂ ಕೊಲ್ಲಬಹುದು. ಅಷ್ಟರಲ್ಲಿ ಅವನ ಬಂಧುಗಳು ಸೆರೆಮನೆಯಲ್ಲಿ. ಯಾರು ತೋರೀ ಎಂದು ತೀರ್ಮಾನಿಸುವ ಅಧಿಕಾರ ಅವನ ಜಮೀನಿನ ಮೇಲೆ ಈಗ ಕುಳಿತವರದ್ದೇ ಆಗಿತ್ತು.

ರೆಡ್ಮಂಡ್ ಓ'ಹ್ಯಾನ್ಲನ್‌ನ ಬದುಕಿನಲ್ಲಿ ಇದೆಲ್ಲ ಒಂದೇ ಕಡೆ ಸಿಗುತ್ತದೆ. ಉತ್ತರದ ಅರ್ಮಾ ಪ್ರದೇಶದ ಹಳೆಯ ಪಾಳೆಯಗಾರಿ ಮನೆತನ, ಮುಟ್ಟುಗೋಲಿನಲ್ಲಿ ಹೋದ ಆಸ್ತಿ, ಫ್ರೆಂಚ್ ಸೇನೆಯಲ್ಲಿದ್ದು ಬಂದವನೆಂಬ ಪ್ರತೀತಿ; ಕೌಂಟ್ ಎಂಬ ಬಿರುದನ್ನು ಜನ ಅವನಿಗೆ ಅದರಿಂದಲೇ ಹಚ್ಚಿದರು. 1670ರ ದಶಕದಲ್ಲಿ ಸ್ಲೀವ್ ಗಲಿಯನ್ ಬೆಟ್ಟದ ಸುತ್ತ ಅವನ ಮಾತು ನಡೆಯುತ್ತಿತ್ತು. ವರ್ತಕರು, ವಲಸೆ ಬಂದ ಒಕ್ಕಲುಗಳು ಅವನಿಗೆ ಕಪ್ಪ ಕೊಟ್ಟು ನಿರ್ಭಯವಾಗಿ ಓಡಾಡುತ್ತಿದ್ದರು. ಸರ್ಕಾರಕ್ಕೆ ಕಟ್ಟುವ ತೆರಿಗೆಗಿಂತ ಅವನಿಗೆ ಕೊಡುವ ಕಪ್ಪವೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. 1676ರಲ್ಲಿ ಅವನ ತಲೆಗೆ 100 ಪೌಂಡ್ ಬೆಲೆ ಕಟ್ಟಿದರು. ಸೈನ್ಯಕ್ಕೆ ಸಿಗಲಿಲ್ಲ. ಕೊನೆಗೆ ವೈಸ್‌ರಾಯ್ ಆಗಿದ್ದ ಆರ್ಮಂಡ್‌ನ ಡ್ಯೂಕ್ ಜೇಮ್ಸ್ ಬಟ್ಲರ್ ಗುಟ್ಟಾಗಿ ಏರ್ಪಾಟು ಮಾಡಿದ. 1681ರ ಏಪ್ರಿಲ್ 25ರಂದು ಮಲಗಿದ್ದ ರೆಡ್ಮಂಡ್‌ನನ್ನು ಅವನ ಸಾಕುತಮ್ಮನೇ ಗುಂಡಿಟ್ಟು ಕೊಂದ. ಕೊಂದವನಿಗೆ ಕ್ಷಮಾದಾನ, ಹಣ. ರೆಡ್ಮಂಡ್‌ನ ತಲೆ ಡೌನ್‌ಪ್ಯಾಟ್ರಿಕ್ ಸೆರೆಮನೆಯ ಮೇಲೆ ಈಟಿಯ ತುದಿಗೆ ಏರಿತು.

ಇದೇ 1681ರಲ್ಲಿ ಲಂಡನ್ನಿನ ಕಾಫಿ ಅಂಗಡಿಗಳಲ್ಲಿ ಟೋರಿ ಎಂಬ ಪದ ಎಲ್ಲರ ಬಾಯಲ್ಲೂ ಓಡಾಡತೊಡಗಿತ್ತು. ದೊರೆ ಎರಡನೇ ಚಾರ್ಲ್ಸ್‌ಗೆ ಔರಸ ಮಕ್ಕಳಿರಲಿಲ್ಲ, ಪಟ್ಟ ತಮ್ಮ ಜೇಮ್ಸ್‌ಗೆ ಹೋಗಬೇಕು, ಅವನೋ ಕ್ಯಾಥೊಲಿಕ್. ಕ್ಯಾಥೊಲಿಕರು ದೊರೆಯನ್ನು ಕೊಲ್ಲಲು ಸಂಚು ಹೂಡಿದ್ದಾರೆಂದು ಟೈಟಸ್ ಓಟ್ಸ್ ಎಂಬ ಮಹಾ ಸುಳ್ಳುಗಾರ 1678ರಲ್ಲಿ ಹುಯಿಲೆಬ್ಬಿಸಿದ್ದ. ಜೇಮ್ಸ್‌ನನ್ನು ಪಟ್ಟದಿಂದ ಹೊರಗಿಡುವ ಮಸೂದೆಗಳು 1679ರಿಂದ ಮೂರು ಸಲ ಪಾರ್ಲಿಮೆಂಟಿಗೆ ಬಂದವು. ಮಸೂದೆಯ ಪರ ಇದ್ದವರು ವಿರೋಧಿಗಳಿಗೆ ಒಂದು ಹೆಸರು ಹುಡುಕುತ್ತಿದ್ದರು. ಹೆಸರಿಟ್ಟವನು ಓಟ್ಸ್‌ನೇ ಎಂದು ಡ್ಯಾನಿಯಲ್ ಡಿಫೋ ಬರೆದಿದ್ದಾನೆ: ತನ್ನನ್ನು ಕೊಲ್ಲಲು ಐರ್ಲೆಂಡಿನಿಂದ ತೋರೀಗಳನ್ನು ಕರೆಸುತ್ತಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಅವನು ತನ್ನ ಮಾತು ನಂಬದವರನ್ನೆಲ್ಲ ಟೋರಿ ಎನ್ನತೊಡಗಿದನಂತೆ. ರೋಜರ್ ನಾರ್ತ್ ಎಂಬ ಇನ್ನೊಬ್ಬ ಸಮಕಾಲೀನ, ಜೇಮ್ಸ್‌ಗೆ ಐರಿಷರ ಮೇಲೆ ಒಲವೆಂಬ ಕಾರಣಕ್ಕೆ, ಒಂದೆರಡು ಹೆಸರು ಪ್ರಯೋಗಿಸಿ ನೋಡಿ ಕೊನೆಗೆ ಇದನ್ನು ಆರಿಸಿಕೊಂಡರು ಎನ್ನುತ್ತಾನೆ. ಎರಡು ಹೇಳಿಕೆಗಳಲ್ಲಿ ಯಾವುದು ಸರಿಯಾದರೂ ಕುಟುಕುಮುಳ್ಳು ಒಂದೇ ಕಡೆ ಇದೆ: ನೀನು ಇಂಗ್ಲಿಷನೇ ಅಲ್ಲ, ಜೌಗುನೆಲದ ಐರಿಷ್ ಕಳ್ಳ. ಬೈಸಿಕೊಂಡವರು ಬೇಗನೆ ಚೇತರಿಸಿಕೊಂಡರು. ರಾಜಪಕ್ಷದ ಬರಹಗಾರ ರೋಜರ್ ಲೆಸ್ಟ್ರೇಂಜ್ ಆ ವರ್ಷವೇ ಆರಂಭಿಸಿದ 'ಅಬ್ಸರ್ವೇಟರ್' ಪತ್ರಿಕೆಯಲ್ಲಿ ವಿಗ್ (ಮಸೂದೆಯ ಪರದವನಿಗೆ ಬಿದ್ದ ಹೆಸರು) ಮತ್ತು ಟೋರಿ ಎಂಬ ಇಬ್ಬರ ನಡುವೆ ಸಂವಾದ ಬರೆದು, ಟೋರಿಯ ಬಾಯಲ್ಲಿ ಗೆಲ್ಲುವ ಮಾತುಗಳನ್ನೇ ಇಟ್ಟ. ಆರ್ಮಂಡ್‌ನ ಡ್ಯೂಕ್‌ನ ಸ್ಥಿತಿಯನ್ನು ಊಹಿಸಿಕೊಳ್ಳಿ. ಡಬ್ಲಿನ್‌ನಲ್ಲಿ ಕುಳಿತು ತೋರೀಗಳ ತಲೆ ತರಿಸುತ್ತಿದ್ದ ಈ ಮಹಾಶಯ ರಾಜನಿಷ್ಠರಲ್ಲಿ ಅಗ್ರಗಣ್ಯ. ಲಂಡನ್ನಿನ ಹೊಸ ಪರಿಭಾಷೆಯಲ್ಲಿ ಅವನೇ ಟೋರಿ. ಇನ್ನು ಅರ್ಮಾದ ಕ್ಯಾಥೊಲಿಕ್ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್. 1670ರ ದಶಕದಲ್ಲಿ ತೋರೀಗಳ ಜೊತೆ ಮಾತುಕತೆ ನಡೆಸಿ, ಆಯುಧ ಬಿಟ್ಟು ದೇಶಾಂತರ ಹೋಗಿರೆಂದು ಕೆಲವರನ್ನು ಒಪ್ಪಿಸಿದ್ದ ಶಾಂತಿಪ್ರಿಯ. ಓಟ್ಸ್ ಹೊತ್ತಿಸಿದ ಉನ್ಮಾದದಲ್ಲಿ ಸುಳ್ಳು ಸಾಕ್ಷ್ಯದ ಮೇಲೆ ಅವನನ್ನು 1681ರ ಜುಲೈ 1ರಂದು ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಐರ್ಲೆಂಡಿನವರ ಕೊರಳಿಗೆ ಉರುಳಾಗಿದ್ದ ಪದ ಇಂಗ್ಲೆಂಡಿನವರ ಟೋಪಿಗೆ ಗರಿಯಾಗಿದ್ದು ಒಂದೇ ವರ್ಷದಲ್ಲಿ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಇದೊಂದೇ ಏಕೆ, ಎದುರು ಪಕ್ಷದ 'ವಿಗ್' ಕೂಡ ಬೈಗುಳವೇ ಅಲ್ಲವೇ? ಹೌದು. ನೈಋತ್ಯ ಸ್ಕಾಟ್ಲೆಂಡಿನ ಹಟಮಾರಿ ಪ್ರೆಸ್ಬಿಟೇರಿಯನ್ ಬಂಡುಕೋರರಿಗೆ ವಿಗ್ಗಮೋರ್ ಎಂಬ ಅಡ್ಡಹೆಸರಿತ್ತು. 1648ರಲ್ಲಿ ಎಡಿನ್‌ಬರೊ ಮೇಲೆ ನಡೆದುಬಂದವರು, 1679ರ ಜೂನ್‌ನಲ್ಲಿ ಬಾತ್‌ವೆಲ್ ಸೇತುವೆಯ ಬಳಿ ಸೋತವರು. ಆ ಹೆಸರು ಚಿಕ್ಕದಾಗಿ ವಿಗ್ ಆಯಿತು. ಒಂದು ಗಡಿಯಾಚೆಯ ದಂಗೆಕೋರ, ಇನ್ನೊಂದು ಕಡಲಾಚೆಯ ದಂಗೆಕೋರ. ಇಂಗ್ಲೆಂಡು ತನ್ನ ಎರಡೂ ಪಕ್ಷಗಳಿಗೆ ಹೊರಗಿನವರ ಹೆಸರನ್ನೇ ಎರವಲು ತಂದಿತು. ಸರಿಸಮವೆನ್ನಿಸುತ್ತದೆ. ಆದರೆ ಹತ್ತು ವರ್ಷ ಮುಂದೆ ಹೋಗಿ ಎರಡೂ ಹೆಸರುಗಳ ಮೂಲದವರು ಏನಾದರೆಂದು ನೋಡಬೇಕು. 1688ರ ಕ್ರಾಂತಿಯಲ್ಲಿ ಜೇಮ್ಸ್ ಪಟ್ಟ ಕಳೆದುಕೊಂಡ ಮೇಲೆ, 1690ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚು ದೇಶದ ಅಧಿಕೃತ ಚರ್ಚಾಯಿತು. ಮೂಲ ವಿಗ್ಗರು ಬಯಸಿದ್ದು ಬಹುಮಟ್ಟಿಗೆ ಕೈಗೂಡಿತು. ಮೂಲ ತೋರೀಗಳಿಗೆ ದಕ್ಕಿದ್ದು 1695ರಲ್ಲಿ ಡಬ್ಲಿನ್ ಪಾರ್ಲಿಮೆಂಟು ಮಾಡಿದ, ಟೋರಿಗಳನ್ನೂ ದರೋಡೆಕೋರರನ್ನೂ ಬಂಡುಕೋರ ರ‍್ಯಾಪರೀಗಳನ್ನೂ ಅಡಗಿಸುವ ಕಾಯ್ದೆ. ತಲೆಬರಹದಲ್ಲೇ ಟೋರಿ ಇದೆ. ಈ ಸಾಲಿನ ಕಾಯ್ದೆಗಳ ಪ್ರಕಾರ ಕ್ಯಾಥೊಲಿಕ್ ದರೋಡೆಕೋರ ಮಾಡಿದ ನಷ್ಟವನ್ನು ಆ ಸೀಮೆಯ ಕ್ಯಾಥೊಲಿಕರೆಲ್ಲ ಸೇರಿ ತುಂಬಿಕೊಡಬೇಕು. ಇಬ್ಬರು ಜೊತೆಗಾರ ತೋರೀಗಳನ್ನು ಕೊಂದ ತೋರೀಗೆ ಮಾಫಿ ಉಂಟು. ಅದೇ ಹೊತ್ತಿನಲ್ಲಿ ಲಂಡನ್ನಿನಲ್ಲಿ ಟೋರಿಗಳು ಪಾರ್ಲಿಮೆಂಟಿನ ಸದಸ್ಯರು, ದೊರೆಯ ಮಂತ್ರಿಗಳು. ಜೇಮ್ಸ್‌ನ ನಂತರ ಪಟ್ಟವೇರಿದ ಒಬ್ಬನೇ ದೊರೆ ಮೂರನೇ ವಿಲಿಯಂನ ಆಳ್ವಿಕೆಯಲ್ಲಿ ಕಡಲಿನ ಈಚೆ ಒಂದು ಟೋರಿ, ಆಚೆ ಇನ್ನೊಂದು. ಬೈಗುಳಗಳು ಸಮ ಇರಬಹುದು, ಗತಿ ಸಮವಲ್ಲ. ಕ್ಯಾಥೊಲಿಕರ ಪಾಲಿನ ಜಮೀನು 1641ರ ಅರವತ್ತರಿಂದ 1688ರ ಹೊತ್ತಿಗೆ ಸುಮಾರು ಇಪ್ಪತ್ತೆರಡಕ್ಕೂ 1703ಕ್ಕೆ ಹದಿನಾಲ್ಕಕ್ಕೂ ಇಳಿಯಿತು.

ಎರಡನೆಯ ಆಕ್ಷೇಪ ಇನ್ನಷ್ಟು ಚುರುಕಿನದು. ಕ್ರಾಮ್‌ವೆಲ್‌ನ ವಿರುದ್ಧ ಹೋರಾಡಿದ ತೋರೀಗಳಲ್ಲಿ ಎಷ್ಟೋ ಮಂದಿ ದೊರೆಯ ಪರ ಆಯುಧ ಹಿಡಿದವರೇ. ಹಾಗಾದರೆ ರಾಜಪಕ್ಷಕ್ಕೆ ಆ ಹೆಸರು ಹೊಂದುತ್ತದಲ್ಲ? ಈ ಹೊಂದಿಕೆಯನ್ನು ಇನ್ನೂ ಎಳೆದು, ಟೋರಿ ಎಂಬುದು 'ದೊರೆಯೇ ಬಾ' ಎಂಬರ್ಥದ 'ತರ್ ಅ ರೀ' ಎಂಬ ಐರಿಷ್ ಮಾತಿನಿಂದಲೇ ಹುಟ್ಟಿತೆಂದು ಸಾಧಿಸಲು ಹೊರಟವರೂ ಇದ್ದಾರೆ. ಪದಕ್ಕೊಂದು ಗೌರವದ ಹುಟ್ಟು ಒದಗಿಸುವ ಆಸೆ ಇದರ ಹಿಂದಿದೆ. 1640ರ ದಶಕದಿಂದ ಆಡಳಿತದ ಕಾಗದಗಳಲ್ಲಿ ಸಿಗುವ ಟೋರಿಗೆ ಕಳ್ಳ, ತಲೆಮರೆಸಿಕೊಂಡವ ಎಂಬರ್ಥ ಎದ್ದು ಕಾಣುವಾಗ ಇದು ನಿಲ್ಲುವುದಿಲ್ಲ. ಡನಿಗಾಲ್ ತೀರದ ಟೋರಿ ದ್ವೀಪಕ್ಕೂ ಇದಕ್ಕೂ ನಂಟು ಕಟ್ಟುವವರದ್ದು ಬರೀ ಕಿವಿಯ ಭ್ರಮೆ, ಆ ಹೆಸರು ದ್ವೀಪದ ಚೂಪು ಬಂಡೆಗಳದ್ದು. ಆದರೆ ಮೊದಲ ಮಾತಿನಲ್ಲಿ ಸತ್ಯಾಂಶವಿದೆ, ಅದೇ ನನ್ನ ವಾದವನ್ನು ಗಟ್ಟಿಮಾಡುತ್ತದೆ. ದೊರೆಗಾಗಿ ಹೋರಾಡಿ ಜಮೀನು ಕಳೆದುಕೊಂಡವರು 1660ರಲ್ಲಿ ದೊರೆ ಮರಳಿ ಬಂದಾಗ ನ್ಯಾಯ ಸಿಗುತ್ತದೆಂದು ಕಾದರು. ಕೆಲವರಿಗೆ ಸಿಕ್ಕಿತು, ಹೆಚ್ಚಿನವರಿಗೆ ಇಲ್ಲ. ಕ್ರಾಮ್‌ವೆಲ್‌ನ ಸಿಪಾಯಿಗಳ ಕೈಸೇರಿದ್ದ ನೆಲವನ್ನು ಕಿತ್ತುಕೊಡುವ ಧೈರ್ಯ ಚಾರ್ಲ್ಸ್‌ಗೆ ಇರಲಿಲ್ಲ. ರಾಜನಿಷ್ಠೆ ತೋರೀಯನ್ನು ಕಾಡಿನಿಂದ ಹೊರಗೆ ತರಲಿಲ್ಲ. ಅದೇ ರಾಜನಿಷ್ಠೆ ಇಂಗ್ಲಿಷ್ ಟೋರಿಗೆ ಮಂತ್ರಿಗಿರಿ ತಂದಿತು.

ಹಾಗೆಂದು ಕಾಡು ಸೇರಿದವರೆಲ್ಲ ವೀರಪುರುಷರೆಂದು ಹಾಡಿ ಹೊಗಳಬೇಕಾಗಿಲ್ಲ. ಅವರ ದಾಳಿಗೆ ಬಡ ಐರಿಷ್ ರೈತರ ದನಗಳೂ ಹೋಗಿವೆ. ಮುಟ್ಟುಗೋಲಿಗೂ ತಮಗೂ ಸಂಬಂಧವಿಲ್ಲದ ಪಕ್ಕಾ ದರೋಡೆಕೋರರೂ ಆ ಗುಂಪುಗಳಲ್ಲಿದ್ದರು. ಈ ಪದ ಮುಚ್ಚಿಹಾಕಿದ್ದು ಈ ವ್ಯತ್ಯಾಸವನ್ನೇ. ಜಮೀನು ಕಳೆದುಕೊಂಡವನು, ಸೋತ ಸೈನಿಕ, ಹುಟ್ಟಾ ಕಳ್ಳ ಈ ಮೂವರನ್ನೂ ಒಂದೇ ಹೆಸರಿನಡಿ ತಂದರೆ ಆಳುವವರಿಗೆ ಅನುಕೂಲ: ಜಮೀನಿನ ತಕರಾರು ಅಪರಾಧದ ಪ್ರಕರಣವಾಗುತ್ತದೆ, ಕೇಳುವ ಪ್ರಶ್ನೆಯೇ ಬದಲಾಗುತ್ತದೆ. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಟೋರಿ ಎಂಬುದಕ್ಕೆ, ಕಾಡುಮನುಷ್ಯ ಎಂಬರ್ಥದ ಐರಿಷ್ ಪದ ಇದರ ಮೂಲವಿರಬೇಕೆಂದು ಊಹಿಸಿ, ಕೂಡಲೇ ಪ್ರಾಚೀನ ರಾಜ್ಯವ್ಯವಸ್ಥೆಗೆ, ಇಂಗ್ಲೆಂಡಿನ ಚರ್ಚಿಗೆ ನಿಷ್ಠನಾದವನು ಎಂದು ಅರ್ಥ ಬರೆದ. ತಾನೇ ಟೋರಿಯಾಗಿದ್ದವನು ಬರೆದ ವಿವರಣೆ ಅದು. ನೂರು ವರ್ಷದೊಳಗೆ ಜಮೀನೂ ಇಲ್ಲ, ಕಾಯ್ದೆಯೂ ಇಲ್ಲ, ಉಳಿದದ್ದು ಕಾಡುಮನುಷ್ಯ.

ಆರ್ಮಂಡ್ ಮನೆತನದ ಮುಂದಿನ ಕತೆ ಯಾವ ಕಾದಂಬರಿಕಾರನೂ ಬರೆಯಲು ಹಿಂಜರಿಯುವಂಥದ್ದು. ತೋರೀಗಳನ್ನು ಬೇಟೆಯಾಡಿದ ಡ್ಯೂಕ್‌ನ ಮೊಮ್ಮಗ, ಎರಡನೇ ಡ್ಯೂಕ್, ರಾಣಿ ಆ್ಯನ್ ಕಾಲದಲ್ಲಿ ಟೋರಿಗಳ ಕಣ್ಮಣಿ, ಸೇನಾಧಿಪತಿ. 1714ರಲ್ಲಿ ರಾಣಿ ತೀರಿಕೊಂಡು ವಿಗ್ಗರ ಕೈ ಮೇಲಾಯಿತು. ಮರುವರ್ಷ ಅವನ ಮೇಲೆ ರಾಜದ್ರೋಹದ ಆರೋಪ ಬಂತು, ಫ್ರಾನ್ಸಿಗೆ ಓಡಿಹೋದ, ಆಸ್ತಿ ಮುಟ್ಟುಗೋಲಾಯಿತು. ವಿಚಾರಣೆಗೆ ನಿಲ್ಲದೆ ತಲೆಮರೆಸಿಕೊಂಡ, ಜಮೀನು ಕಳೆದುಕೊಂಡ, ತಲೆಗೆ ಬೆಲೆ ಕಟ್ಟಿಸಿಕೊಂಡ ಟೋರಿ! ಆದರೆ ಯಾವ ಇತಿಹಾಸಕಾರನೂ ಅವನನ್ನು ಐರಿಷ್ ಅರ್ಥದಲ್ಲಿ ತೋರೀ ಎನ್ನುವುದಿಲ್ಲ. ಅವಿನ್ಯೋನ್‌ನಲ್ಲಿ ಮಾನಮರ್ಯಾದೆಯಿಂದ ಬದುಕಿ 1745ರಲ್ಲಿ ತೀರಿಕೊಂಡ. ಶವ ವೆಸ್ಟ್‌ಮಿನ್‌ಸ್ಟರ್ ಆ್ಯಬಿಗೆ ಬಂತು.

1834ರ ಡಿಸೆಂಬರ್‌ನಲ್ಲಿ ರಾಬರ್ಟ್ ಪೀಲ್ ಟ್ಯಾಮ್‌ವರ್ತ್‌ನ ಮತದಾರರಿಗೆ ಪ್ರಣಾಳಿಕೆ ಹೊರಡಿಸಿದಾಗ ಪಕ್ಷ ಕನ್ಸರ್ವೇಟಿವ್ ಎಂಬ ಹೊಸ ಹೆಸರಿಗೆ ಒಗ್ಗಿಕೊಳ್ಳುತ್ತಿತ್ತು. ವಿಗ್ ಎಂಬ ಹೆಸರು 19ನೇ ಶತಮಾನದಲ್ಲಿ ಲಿಬರಲ್ ಪಕ್ಷದೊಳಗೆ ಕರಗಿ ಹೋಯಿತು, ಟೋರಿ ಮಾತ್ರ ಉಳಿಯಿತು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ದೊರೆಯ ಪರ ನಿಂತವರಿಗೆ ಅದೇ ಹೆಸರು, ಕೆನಡಾದ ಸಂಪ್ರದಾಯವಾದಿಗಳಿಗೂ ಅದೇ. ಐರ್ಲೆಂಡಿಗೂ ಪದ ಹಿಂತಿರುಗಿದೆ. ಐರಿಷ್ ಭಾಷೆಯ ಸುದ್ದಿಯಲ್ಲಿ 'ನ ತೋರಿಹೆ' ಎಂದರೆ ಇಂದು ವೆಸ್ಟ್‌ಮಿನ್‌ಸ್ಟರ್‌ನ ಕನ್ಸರ್ವೇಟಿವ್ ಸಂಸದರು. ಗುಡ್ಡ ಸೇರಿದ ಬಂಡುಕೋರರನ್ನು ಅಭಿಮಾನದಿಂದ ನೆನೆಯಬೇಕಾದಾಗ ಜನ ಹಿಡಿದದ್ದು, 1690ರ ಸುಮಾರಿನಲ್ಲಿ ಜೇಮ್ಸ್ ಮತ್ತು ವಿಲಿಯಂ ನಡುವೆ ನಡೆದ ಯುದ್ಧದಲ್ಲಿ ಗಿಡ್ಡ ಈಟಿ ಹಿಡಿದು ಹೋರಾಡಿದವರಿಗೆ ಬಂದ ರ‍್ಯಾಪರೀ ಎಂಬ ಇನ್ನೊಂದು ಹೆಸರನ್ನು. ವೆಕ್ಸ್‌ಫರ್ಡ್ ಜಿಲ್ಲೆಯ ಎನಿಸ್‌ಕಾರ್ತಿಯಲ್ಲಿ ಹರ್ಲಿಂಗ್ ಆಡುವ ಕ್ಲಬ್ಬೊಂದು ಆ ಹೆಸರನ್ನೇ ಇಟ್ಟುಕೊಂಡಿದೆ.